ವಾಡಿಕೆಯ ಆರೈಕೆ

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು. ಇಪ್ಪತ್ತೆರಡು ವರ್ಷದಿಂದ ಅದು ಅಲ್ಲೇ ಬಿದ್ದಿತ್ತು, ಯಾರೂ ಎತ್ತಿ ಬಳಸಿರಲಿಲ್ಲ. ಆ ದೊಡ್ಡಾಸ್ಪತ್ರೆಯ ಹೆಂಗಸರ ಆಪರೇಷನ್ ವಾರ್ಡಿನಲ್ಲಿ ಅವಳು ಎಲ್ಲರಿಗೂ ನಡಿಯಮ್ಮ. ಹೊಟ್ಟೆ ಕೊಯ್ಸಿಕೊಂಡು ಮುಖ ಹಿಂಡಿಕೊಂಡು ಮಲಗಿದವರ ಹೊದಿಕೆಯನ್ನು ಸರಕ್ಕನೆ ಎಳೆದು, "ಏಳು, ನಡಿ. ನೀನು ಮಲಗಿದ್ರೆ ಕರುಳೂ ಮಲಗತ್ತೆ" ಅನ್ನುವುದೇ ಅವಳ ಬೆಳಗಿನ ಕುಶಲೋಪರಿ.

ಕೆಲಸಕ್ಕೆ ಅವಳು ಆಯಾ. ಬೆಡ್‌ಪ್ಯಾನ್ ಇಡುವುದು, ತೆಗೆಯುವುದು, ಹಾಸು ಬದಲಿಸುವುದು, ವಾಂತಿ ಒರೆಸುವುದು, ನೆಲ ಗುಡಿಸುವುದು: ನಿಯಮದಲ್ಲಿ ಇದ್ದದ್ದು ಇಷ್ಟೇ. ನಡೆಸುವುದು ಯಾವ ನಿಯಮದಲ್ಲೂ ಇರಲಿಲ್ಲ. ಆಪರೇಷನ್ ಮಾಡುವ ಡಾಕ್ಟರು ಎರಡನೇ ದಿನ ಪ್ರತಿಯೊಬ್ಬರ ಕೇಸ್‌ಶೀಟಿನಲ್ಲೂ 'ನಡೆಸಿ' ಎಂದು ಒಂದು ಪದ ಗೀಚಿ ಮುಂದಿನ ಹಾಸಿಗೆಗೆ ದಾಟಿಬಿಡುತ್ತಿದ್ದರು. ಯಾರು ನಡೆಸಬೇಕು, ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ ಎಂಬುದು ಅವರ ಪೆನ್ನಿಗೆ ಸಂಬಂಧಪಟ್ಟ ವಿಷಯವಲ್ಲ. ಇಪ್ಪತ್ತನಾಲ್ಕು ಹಾಸಿಗೆಗೆ ಇಬ್ಬರು ನರ್ಸುಗಳು. ಸೂಜಿ, ಡ್ರಿಪ್ಪು, ಬ್ಯಾಂಡೇಜು ಎನ್ನುವಷ್ಟರಲ್ಲಿ ಅವರ ಪಾಳಿ ಮುಗಿದಿರುತ್ತಿತ್ತು. ಹೀಗಾಗಿ ಆ ಪದ ನೆಲಕ್ಕೆ ಬಿತ್ತು. ನೆಲ ಗುಡಿಸುವವಳು ಇವಳಾದ್ದರಿಂದ ಇವಳ ಕೈಗೆ ಸಿಕ್ಕಿತು.

ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ. ಹೊಲಿಗೆ ಹಾಕಿದ ಹೊಟ್ಟೆಗೆ ಒಂದು ದಿಂಬು ಒತ್ತಿ ಹಿಡಿಸಿ, ಮೂತ್ರದ ಚೀಲವನ್ನು ಅವರದೇ ಕೈಗೆ ಕೊಟ್ಟು, ಕಂಕುಳಿಗೆ ತನ್ನ ಭುಜ ಕೊಟ್ಟು ಎಬ್ಬಿಸುತ್ತಿದ್ದಳು. ವಾರ್ಡಿನ ಬಾಗಿಲಿಂದ ಮೊಗಸಾಲೆಯ ಕೊನೆಯ ಕಿಟಕಿಯವರೆಗೆ ಹೋಗಿ ಬರಬೇಕು. ಗಟ್ಟಿಯಾದವರು ಗೋಡೆ ಹಿಡಿದು ತಾವೇ ಹಿಂದೆ ಬರಬೇಕು. ಬೈದವರಿದ್ದರು, ಅತ್ತವರಿದ್ದರು, "ನಿನ್ನ ಕಾಲು ಮುರಿಯ" ಎಂದು ಹರಸಿದವರೂ ಇದ್ದರು. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ ಸುದ್ದಿ.

"ಗಾಳಿ ಹೋಯ್ತಾ?"

ಹೊಟ್ಟೆ ತೆರೆದು ಮುಚ್ಚಿದ ಮೇಲೆ ಕರುಳು ಮುನಿಸಿಕೊಂಡು ಮಲಗಿಬಿಡುತ್ತದೆ. ಗಾಳಿ ಹೋಗುವ ತನಕ ಒಂದು ಗುಟುಕು ನೀರೂ ಕೊಡುವಂತಿಲ್ಲ. ಅದಕ್ಕೇ ಆ ವಾರ್ಡಿನಲ್ಲಿ ಹೂಸಿಗೆ ಇದ್ದ ಗೌರವ ಅರಮನೆಯಲ್ಲಿ ತುತ್ತೂರಿಗೂ ಇದ್ದಿರಲಾರದು. ಹೊರಗೆ ಗಂಡನೆದುರು ಸೀನುವುದಕ್ಕೂ ಸೆರಗು ಹುಡುಕುತ್ತಿದ್ದ ಹೆಂಗಸರು ಇಲ್ಲಿ ಆರು ಹಾಸಿಗೆ ಆಚೆಗೆ ಕೇಳುವಂತೆ, "ನಡಿಯಮ್ಮ, ನಂದು ಹೋಯ್ತು" ಎಂದು ಕೂಗುತ್ತಿದ್ದರು. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಹೊಲಿಗೆ ನೋಯುತ್ತದೆ ಎಂದು ಅವಳನ್ನೇ ಬೈಯುತ್ತಿದ್ದರು.

ಇಂಥ ವಾರ್ಡಿಗೆ ಹಾಡಿನ ಡಾಕ್ಟರು ಬಂದರು.

ಅವರು ಓದಿದ ಡಾಕ್ಟರೇ. ಆದರೆ ಒಬ್ಬ ರೋಗಿಯ ನಾಡಿ ಹಿಡಿದದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ಕಂಡಿರಲಿಲ್ಲ. ಅವರ ಕೈ ಹಿಡಿದದ್ದೆಲ್ಲ ಕಾಗದ. ಇಸ್ತ್ರಿ ಮುರಿಯದ ಬಿಳಿ ಕೋಟು ಹಾಕಿಕೊಂಡು, ವಾರ್ಡಿನೊಳಗೆ ಕಾಲಿಡುವಾಗ ಮೂಗಿನ ಹೊಳ್ಳೆಯನ್ನು ತುಸು ಚಿಕ್ಕದು ಮಾಡಿಕೊಂಡು ಬರುತ್ತಿದ್ದರು. ಆಪರೇಷನ್ ಆದವರಿಗೆ ಸಂಗೀತ ಕೇಳಿಸಿದರೆ ಬೇಗ ಚೇತರಿಸಿಕೊಳ್ಳುತ್ತಾರೆಯೇ ಎಂದು ಅವರು ಕಂಡುಹಿಡಿಯಬೇಕಿತ್ತು. ಅಥವಾ, ಚೇತರಿಸಿಕೊಳ್ಳುತ್ತಾರೆ ಎಂದು ಅವರು ಆಗಲೇ ಕಂಡುಹಿಡಿದಾಗಿತ್ತು, ರೋಗಿಗಳು ಅದಕ್ಕೆ ಸಾಕ್ಷಿ ಹೇಳುವುದೊಂದು ಬಾಕಿಯಿತ್ತು.

ಏರ್ಪಾಡು ಸರಳ. ಎಡಸಾಲಿನ ಹನ್ನೆರಡು ಹಾಸಿಗೆಗೆ ಕಿವಿಗೆ ಮೆತ್ತನೆಯ ಹೆಡ್‌ಫೋನು. ಬೆಳಿಗ್ಗೆ ಹತ್ತರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಐದು. ಬಲಸಾಲಿನ ಹನ್ನೆರಡು ಹಾಸಿಗೆಗೆ ಹೆಡ್‌ಫೋನಿಲ್ಲ. ಅವರಿಗೆ, ಡಾಕ್ಟರ ಕಾಗದದ ಮಾತಲ್ಲಿ, 'ವಾಡಿಕೆಯ ಆರೈಕೆ ಮಾತ್ರ'. ಹಾಡಿನ ಹೊತ್ತಿಗೆ ಎಡಸಾಲಿನ ಮುಂದೆ ಪರದೆ ಎಳೆದು ಒಂದು ಬೋರ್ಡು ತೂಗುಹಾಕುತ್ತಿದ್ದರು: 'ಶಾಂತಿ ಚಿಕಿತ್ಸೆ ನಡೆಯುತ್ತಿದೆ. ರೋಗಿಗಳನ್ನು ಮುಟ್ಟಬಾರದು.' ಯಾರಿಗೆ ಎಷ್ಟು ಗಂಟೆಗೆ ಗಾಳಿ ಹೋಯಿತು, ಯಾವತ್ತು ಊಟ ಶುರುವಾಯಿತು, ಯಾವತ್ತು ಮನೆಗೆ ಹೋದರು ಎಂದು ಬರೆದುಕೊಳ್ಳಲು ಒಬ್ಬ ನಡುವಯಸ್ಸಿನ ಹೆಂಗಸನ್ನು ಇಟ್ಟಿದ್ದರು. ಎದೆಗೆ ಬರೆಯುವ ಹಲಗೆ ಅವುಚಿಕೊಂಡೇ ಓಡಾಡುತ್ತಿದ್ದ ಆಕೆಗೆ ವಾರ್ಡು ಹಲಗೆಯಮ್ಮ ಎಂದು ಹೆಸರಿಟ್ಟಿತು.

ನಡಿಯಮ್ಮ ಬೋರ್ಡು ಓದಿದಳು. ಮುಟ್ಟಬಾರದು ಎಂದಿತ್ತು, ಮುಟ್ಟಲಿಲ್ಲ. ಬಲಸಾಲಿನ ಮುಂದೆ ಬೋರ್ಡಿರಲಿಲ್ಲ, ಅಲ್ಲಿ ಹೊದಿಕೆ ಎಳೆದಳು. ಎಡಗಡೆಯ ಪರದೆ ಸರಿಯುವ ಹೊತ್ತಿಗೆ ಅವಳಿಗೆ ಬೆಡ್‌ಪ್ಯಾನಿನ ಕೆಲಸ ಕಾದಿರುತ್ತಿತ್ತು.

ಎರಡು ತಿಂಗಳಾಯಿತು. ಅರ್ಧ ದಾರಿಗೆ ಬಂದಾಗ ಹಾಡಿನ ಡಾಕ್ಟರು ಲೆಕ್ಕ ತೆಗೆಸಿ ನೋಡಿದರು. ಹಾಡು ಕೇಳಿದವರಿಗಿಂತ ಕೇಳದವರಿಗೆ ಅರ್ಧ ದಿನ ಮೊದಲೇ ಗಾಳಿ ಹೋಗುತ್ತಿತ್ತು. ಅವರು ಎರಡು ದಿನ ಮೊದಲೇ ಮನೆಗೂ ಹೋಗುತ್ತಿದ್ದರು. ಡಾಕ್ಟರು ಹಲಗೆಯಮ್ಮನನ್ನು ಕರೆದು ಸಾಲು ಅದಲುಬದಲು ಬರೆದಿದ್ದೀಯಾ ಎಂದು ಕೇಳಿದರು. ಇಲ್ಲ ಎಂದಳು. ಇನ್ನೊಮ್ಮೆ ಕೂಡಿಸಲು ಹೇಳಿದರು. ಮತ್ತದೇ ಬಂತು. ಕುಣಿಯಲಾರದವಳಿಗೆ ನೆಲ ಡೊಂಕಂತೆ. ಮರುದಿನ ಡೊಂಕು ನೆಲ ಹುಡುಕಿಕೊಂಡು ಅವರೇ ಹತ್ತು ಗಂಟೆಗೆ ವಾರ್ಡಿನ ಬಾಗಿಲಿಗೆ ಬಂದು ನಿಂತರು.

ಎಡಗಡೆ ಪರದೆ, ಬೋರ್ಡು, ನಿಶ್ಶಬ್ದ. ಬಲಗಡೆಯಿಂದ ಒಂದು ರೈಲು ಹೊರಟಿತ್ತು. ಮುಂದೆ ನಡಿಯಮ್ಮ, ಅವಳ ಭುಜಕ್ಕೆ ಜೋತುಬಿದ್ದ ಒಬ್ಬ ಮುದುಕಿ, ಹಿಂದೆ ದಿಂಬು ಅವುಚಿಕೊಂಡು, ಚೀಲ ಹಿಡಿದುಕೊಂಡು, ಗೋಡೆ ತಡವುತ್ತ ಏಳು ಹೆಂಗಸರು.

"ಏನಿದು?" ಎಂದರು ಡಾಕ್ಟರು.

"ನಡಿಗೆ, ಸಾರ್."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಾನು ಬಂದಾಗಿಂದ ಹೀಗೇ."

"ನನ್ನ ಯೋಜನೆಯಲ್ಲಿ ಇದು ಇಲ್ವಲ್ಲ. ಬಲಗಡೆಯವರಿಗೆ ವಾಡಿಕೆಯ ಆರೈಕೆ ಮಾತ್ರ ಅಂತ ಇದೆ."

"ಇದೇ ಸಾರ್ ವಾಡಿಕೆ. ನೀವು ಬಂದಮೇಲೆ ಶುರುವಾಗಿದ್ದು ಆ ಪರದೆ."

ಮುದುಕಿ ಮುಸಿಮುಸಿ ನಕ್ಕಿತು. ಡಾಕ್ಟರು ನಗಲಿಲ್ಲ. ವಾಡಿಕೆಯ ಆರೈಕೆ ಎಂದರೆ ಗೋಡೆಯ ಸುಣ್ಣದ ಹಾಗೆ, ನೀರಿನ ಕೊಳಾಯಿಯ ಹಾಗೆ ಕಟ್ಟಡದಲ್ಲಿ ತಾನಾಗಿ ಇರುವ ಒಂದು ವಸ್ತು ಎಂದು ಅವರು ತಿಳಿದಿದ್ದರು. ಅದಕ್ಕೆ ಎರಡು ಕಾಲು, ಒಡೆದ ಹಿಮ್ಮಡಿ, ಮೇಲಾಗಿ ಒಂದು ಬಾಯಿಯೂ ಇರುತ್ತದೆ ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ.

"ಎರಡೂ ಸಾಲು ಸಮ ಇರಬೇಕಮ್ಮ," ಎಂದರು, ಮಗುವಿಗೆ ಹೇಳುವಂತೆ. "ಒಂದು ಕಡೆ ಹಾಡು ಇರತ್ತೆ, ಇನ್ನೊಂದು ಕಡೆ ಇರಲ್ಲ. ಬೇರೆ ಯಾವ ವ್ಯತ್ಯಾಸವೂ ಇರಬಾರದು."

"ಅಷ್ಟೇ ತಾನೆ? ಹಾಗಾದ್ರೆ ಎಡಗಡೆಯವರನ್ನೂ ನಡೆಸ್ತೀನಿ. ಹಾಡನ್ನ ಒಂದು ಗಂಟೆ ಆಚೆ ಹಾಕಿ. ಸಮ ಆಗತ್ತೆ."

ಡಾಕ್ಟರು ಯೋಚಿಸಿದರು. ಅವರ ಮುಖದಲ್ಲಿ ಯೋಚನೆ ಬಂದು ಹೋದದ್ದು ಅವಳಿಗೆ ಕಂಡಿತು. ಎಲ್ಲರೂ ನಡೆದರೆ ಎಲ್ಲರೂ ಬೇಗ ಮನೆಗೆ ಹೋಗುತ್ತಾರೆ. ಎಲ್ಲರೂ ಬೇಗ ಮನೆಗೆ ಹೋದರೆ ಹಾಡಿಗೆ ಸಿಗುವ ಕೀರ್ತಿ ಎಲ್ಲಿ ಉಳಿಯಿತು?

"ಬೇಡ. ಆಗ ಹಾಡಿನ ಪರಿಣಾಮ ಎದ್ದು ಕಾಣಲ್ಲ. ಅಧ್ಯಯನ ಮುಗಿಯೋ ತನಕ ಯಾರನ್ನೂ ನಡೆಸಬೇಡಿ."

ಇದು ಆ ಆಸ್ಪತ್ರೆಯ ವಿಜ್ಞಾನ. ಕತ್ತಲೆ ಕೋಣೆಯಲ್ಲಿ ಮೇಣದಬತ್ತಿ ಎಷ್ಟು ಬೆಳಗುತ್ತದೆ ಎಂದು ತಿಳಿಯಬೇಕು, ಆದ್ದರಿಂದ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ.

ಮಧ್ಯಾಹ್ನ ಹೆಡ್ ನರ್ಸು ಅವಳನ್ನು ಔಷಧಿ ಕೋಣೆಗೆ ಕರೆದಳು. ಎಲ್ಲರೂ ದೊಡ್ಡ ಸಿಸ್ಟರು ಎನ್ನುತ್ತಿದ್ದ ಆಕೆ ಕೆಟ್ಟವಳಲ್ಲ. ಮೂವತ್ತು ವರ್ಷ ದುಡಿದು ಮಂಡಿ ಸವೆಸಿಕೊಂಡವಳು, ನಡಿಗೆಯ ಬೆಲೆ ಬಲ್ಲವಳು. ಆದರೆ ಅಧ್ಯಯನದ ವರದಿ ಅಚ್ಚಾದಾಗ ಬರೆದವರ ಸಾಲಿನಲ್ಲಿ ನಾಲ್ಕನೇ ಹೆಸರು ನಿಮ್ಮದು ಎಂದು ಹಾಡಿನ ಡಾಕ್ಟರು ಆಕೆಗೆ ಹೇಳಿದ್ದರು. ಮೂವತ್ತು ವರ್ಷದಲ್ಲಿ ಆಕೆಯ ಹೆಸರು ಪಾಳಿಪಟ್ಟಿ ಬಿಟ್ಟು ಬೇರೆಲ್ಲೂ ಅಚ್ಚಾಗಿರಲಿಲ್ಲ.

"ಬಾಯಿ ಮುಚ್ಕೊಂಡು ಇರು ಇವಳೇ," ಎಂದಳು ದೊಡ್ಡ ಸಿಸ್ಟರು. "ಇನ್ನೆರಡು ತಿಂಗಳು. ಬೆಡ್‌ಪ್ಯಾನ್ ಇಡು, ತೆಗಿ. ಅಷ್ಟಕ್ಕೇ ತಾನೆ ನಿನ್ನ ಇಟ್ಕೊಂಡಿರೋದು."

"ಮಲಗಿಸಿದ್ರೆ ಎದೆ ಕಟ್ಟತ್ತೆ ಸಿಸ್ಟರ್. ನಿಮಗೆ ನಾನು ಹೇಳಬೇಕಾ?"

"ನನಗೆ ಗೊತ್ತು. ನಿನಗೂ ಒಂದು ಗೊತ್ತಿರಲಿ. ಈ ವರ್ಷ ನಿನ್ನ ಕೆಲಸ ಮುಂದುವರಿಸೋ ಕಾಗದ ತಿಂಗಳ ಕೊನೆಗೆ ನನ್ನ ಮೇಜಿಗೆ ಬರತ್ತೆ."

ಇಪ್ಪತ್ತೆರಡು ವರ್ಷ ದುಡಿದರೂ ಅವಳು ಆ ಆಸ್ಪತ್ರೆಗೆ ತಾತ್ಕಾಲಿಕ. ಕಟ್ಟಡದ ಎರಡು ಮಹಡಿ ಅವಳಿಗಿಂತ ಕಿರಿಯವು, ಅವು ಕಾಯಂ.

ನಡಿಯಮ್ಮ ನಡೆಸುವುದನ್ನು ಬಿಟ್ಟಳು.

ಬಿಟ್ಟಳು ಎಂದೇ ಹೇಳಬೇಕು. ಎರಡು ವಾರ ಹತ್ತು ಗಂಟೆ ಆಗುತ್ತಿತ್ತು, ಅವಳು ಮೊಗಸಾಲೆಗೆ ಹೋಗಿ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದಳು. "ನಡಿಯಮ್ಮ, ಇವತ್ತೂ ಇಲ್ವಾ?" ಎಂದು ಯಾರಾದರೂ ಕೇಳಿದರೆ, "ಮೇಲಿನವರ ಆರ್ಡರು" ಎನ್ನುತ್ತಿದ್ದಳು. ದೊಡ್ಡವರ ಮಾತು ಎನ್ನುವ ಗುರಾಣಿ ಎಷ್ಟು ಹಗುರ ಎಂದು ಅವಳಿಗೆ ಮೊದಲ ಸಲ ತಿಳಿಯಿತು. ಹಿಡಿದರೆ ಕೈ ನೋಯುವುದೇ ಇಲ್ಲ. ಹದಿನೆಂಟನೇ ಹಾಸಿಗೆಗೆ ಬಂದ ಪ್ರೆಸ್ಸಿನ ಕೆಲಸದಾಕೆ ಐದನೇ ದಿನ ಕೆಮ್ಮತೊಡಗಿದಳು. ಕೆಮ್ಮಿದಾಗೆಲ್ಲ ಹೊಲಿಗೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದಳು. ನಡಿಯಮ್ಮ ಆಕೆಯ ಬೆನ್ನಿಗೆ ಇನ್ನೊಂದು ದಿಂಬು ಇಟ್ಟಳು. ದಿಂಬು ಇಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಮೂರನೇ ವಾರದ ಸೋಮವಾರ ಹದಿನೇಳನೇ ಹಾಸಿಗೆಗೆ ಅವಳ ಅಕ್ಕ ಬಂದಳು.

ಕರುಳು ತಿರುಚಿಕೊಂಡಿತ್ತು. ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತವಳು ಹಾಗೇ ಮುಂದಕ್ಕೆ ಬಾಗಿದ್ದಳಂತೆ, ಶಾಲೆಯ ಹುಡುಗಿಯರ ಸಮವಸ್ತ್ರದ ಮೇಲೆಯೇ ವಾಂತಿ. ಮಧ್ಯಾಹ್ನದೊಳಗೆ ಹೊಟ್ಟೆ ತೆರೆದು, ಸರಿಮಾಡಿ, ಮುಚ್ಚಿದರು. ಅಕ್ಕ ಇವಳಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಸತ್ತಾಗ ಇವಳಿಗೆ ಆರು. ಅಂದಿನಿಂದ ಜಡೆ ಹೆಣೆದವಳು, ಬೈದವಳು, ಹೊಡೆದವಳು, ಯಂತ್ರದ ಕಾಲಬಳಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದವಳು ಅಕ್ಕನೇ. ಒಂದಕ್ಷರ ತಪ್ಪಿದರೆ ಮರದ ಅಳತೆಪಟ್ಟಿಯಿಂದ ತಲೆಗೊಂದು ಬೀಳುತ್ತಿತ್ತು.

ಮಂಗಳವಾರ ಎಚ್ಚರವಾದಾಗ ಹಲಗೆಯಮ್ಮ ಬಂದು ನಾಲ್ಕು ಪುಟದ ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಂಡು ಹೋಗಿದ್ದಳು.

"ಏನು ಅಂತ ಓದದೆ ಯಾಕೆ ಹಾಕ್ದೆ?" ಎಂದಳು ನಡಿಯಮ್ಮ.

"ಮಂಪರಿನಲ್ಲಿದ್ದೆ. ಪೆನ್ನು ಕೊಟ್ರು. ಹೆಬ್ಬೆಟ್ಟು ಒತ್ತಿ ಅಂತಾಳೆ ಆ ಯಮ್ಮ, ನನಗೆ ರೇಗಿ ಹೋಯ್ತು. ಪೂರ್ತಿ ಹೆಸರು ಬರೆದು ಕೆಳಗೊಂದು ಗೆರೆ ಎಳೆದು ಕೊಟ್ಟೆ."

ಬುಧವಾರ ಗಾಳಿ ಹೋಗಲಿಲ್ಲ. ಗುರುವಾರ ಅಕ್ಕನ ಹೊಟ್ಟೆ ಉಬ್ಬಿ, ತಟ್ಟಿದರೆ ಡೋಲಿನ ಸದ್ದು ಬರುತ್ತಿತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಆಪರೇಷನ್ ಡಾಕ್ಟರು ಬಂದು ಸ್ಟೆತಸ್ಕೋಪಿನ ಕೊಳವೆಯನ್ನು ಹೊಟ್ಟೆಗಿಟ್ಟು ಕಿವಿಗೊಟ್ಟರು. ಒಳಗೆ ಸದ್ದಿಲ್ಲ.

"ನಾಳೆ ಮಧ್ಯಾಹ್ನದ ತನಕ ನೋಡೋಣ. ಆಗಲಿಲ್ಲ ಅಂದ್ರೆ ಮೂಗಿನಿಂದ ಟ್ಯೂಬು ಇಳಿಸ್ತೀವಿ. ಅದಕ್ಕೂ ಬಗ್ಗದಿದ್ರೆ ಮತ್ತೆ ತೆರೀಬೇಕಾಗತ್ತೆ," ಎಂದರು.

"ನಡೆಸಬಹುದಾ ಸಾರ್?"

"ನಡೆಸಲೇಬೇಕು. ಬರೆದಿದೀನಲ್ಲ."

"ಹಾಡಿನ ಡಾಕ್ಟರು ಯಾರನ್ನೂ ನಡೆಸಬೇಡಿ ಅಂದಿದ್ದಾರೆ."

ಅವರು ಕೊಳವೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಅದು ಅವರ ಸಂಶೋಧನೆ. ನಾನು ಅದರಲ್ಲಿ ತಲೆ ಹಾಕಲ್ಲ," ಎಂದು ಮುಂದಿನ ಹಾಸಿಗೆಗೆ ದಾಟಿದರು. ತಲೆ ಹಾಕದಿರುವುದು ಓದಿದವರ ಸಭ್ಯತೆ. ಹೊಟ್ಟೆಗೆ ಕತ್ತರಿ ಹಾಕುವುದು ಮಾತ್ರ ಅವರ ಕೆಲಸ.

ಸಂಜೆ ಪಾಳಿ ಮುಗಿದ ಮೇಲೆ ನಡಿಯಮ್ಮ ಸಮವಸ್ತ್ರ ಕಳಚಿ, ಭೇಟಿಯ ಹೊತ್ತಿಗೆ ಬರುವ ಬಂಧುಗಳ ಜೊತೆ ಒಳಗೆ ಬಂದಳು. ದೊಡ್ಡ ಸಿಸ್ಟರು ಔಷಧಿ ಕೋಣೆಯಲ್ಲಿದ್ದಳು. ನಡಿಯಮ್ಮ ಅಕ್ಕನ ಹೊದಿಕೆಯ ಅಂಚು ಹಿಡಿದು ಕಿವಿಯ ಹತ್ತಿರ ಬಾಗಿದಳು.

"ಏಳು ಅಕ್ಕ. ಹಿಂಬಾಗಿಲಿಂದ ಹೋಗಿ ಎರಡು ಸುತ್ತು ಹಾಕಿಸ್ತೀನಿ. ಯಾರಿಗೂ ಕಾಣಲ್ಲ."

ಅಕ್ಕ ಕಣ್ಣು ತೆರೆದಳು. ಪಕ್ಕದ ಹದಿನೆಂಟರಲ್ಲಿ ಪ್ರೆಸ್ಸಿನ ಕೆಲಸದಾಕೆ ಕೆಮ್ಮಿದಳು. ಅದು ಮುಗಿಯುವ ತನಕ ಅಕ್ಕ ಕಾದಳು.

"ಇವಳನ್ನ?"

"ಅವರು ಅಧ್ಯಯನದಲ್ಲಿದ್ದಾರೆ."

"ನಾನು?"

"ನೀನೂ... ನೀನು ನನ್ನ ಅಕ್ಕ ಅಲ್ವಾ."

"ಓಹೋ. ಇವಳು ಯಾರ ಅಕ್ಕನೂ ಅಲ್ಲ, ಅದಕ್ಕೇ ಕೆಮ್ಮಿ ಸಾಯ್ಲಿ." ಅಕ್ಕನ ದನಿ ಒಣಗಿ ಮರಳುಕಾಗದದಂತಾಗಿತ್ತು, ಆದರೂ ಕೊಯ್ಯುತ್ತಿತ್ತು. "ಈ ಸಾಲಲ್ಲಿ ಮಲಗಿರೋರು ಎಲ್ಲ ಹೇಳಿದ್ರು ನನಗೆ. ಎರಡು ವಾರ ಎಲ್ಲಿಗೆ ಹೋಗಿತ್ತೇ ನಿನ್ನ ಕಾಲು? ನೆಲ ಒರೆಸ್ತಿದ್ಯಂತೆ."

"ನನ್ನ ಕೆಲಸ ಹೋಗತ್ತೆ ಅಕ್ಕ."

"ಹೋಗತ್ತೆ. ಹೋದ್ರೆ ಹೋಗತ್ತೆ ಅಂತ ನಾನು ಹೇಳ್ತಿಲ್ಲ. ಕಷ್ಟಾನೇ. ಆದ್ರೆ ಮಲಗಿರೋರ ಹತ್ರ ಬಂದು ಮೇಲಿನವರ ಆರ್ಡರು ಅಂದ್ಯಂತಲ್ಲ, ಅದು ಯಾವ ಬಾಯಲ್ಲಿ ಅಂದೆ? ಕದ್ದು ಎಬ್ಬಿಸಬೇಡ ನನ್ನ. ಕದ್ದು ನಡೆಯೋಕೆ ನಾನೇನು ಬಟ್ಟೆ ಕದ್ದಿದೀನಾ?"

ನಡಿಯಮ್ಮ ಹೊದಿಕೆಯ ಅಂಚು ಬಿಟ್ಟಳು. ಮುಖಕ್ಕೆ ಬಿಸಿನೀರು ಎರಚಿದ ಹಾಗಾಗಿತ್ತು. ಕೈ ಸುಮ್ಮನಿರಲಾರದೆ ಹಾಸಿಗೆಯ ಕಾಲ ಬಳಿ ತೂಗುಹಾಕಿದ್ದ ಫೈಲನ್ನು ತೆಗೆಯಿತು. ಅಕ್ಕ ಸಹಿ ಮಾಡಿದ ನಾಲ್ಕು ಪುಟಗಳು ಅದರಲ್ಲಿದ್ದವು.

ಆ ಕಾಗದವನ್ನು ಆ ವಾರ್ಡಿನಲ್ಲಿ ಅದುವರೆಗೆ ಯಾರೂ ಓದಿರಲಿಲ್ಲ. ಸಹಿ ಹಾಕಿದವರು ಮಂಪರಿನಲ್ಲಿದ್ದರು, ಹಾಕಿಸಿಕೊಂಡವಳು ಅವಸರದಲ್ಲಿದ್ದಳು, ಬರೆದವರು ಬೇರೆಲ್ಲಿಂದಲೋ ಎತ್ತಿ ಅಂಟಿಸಿದ್ದರು. ನಡಿಯಮ್ಮ ಅದನ್ನು ಹೊರಗೆ ತಂದು ಮೆಟ್ಟಿಲ ಮೇಲೆ ಕೂತು ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಮೊದಲ ಪುಟದಲ್ಲಿ ಸಂಗೀತದ ಮಹಿಮೆ. ಎರಡನೆಯದರಲ್ಲಿ ಡಾಕ್ಟರ ಪದವಿಗಳು. ಮೂರನೆಯ ಪುಟದ ನಡುವಿನಲ್ಲಿ ಬೆರಳು ನಿಂತಿತು. ಮತ್ತೆ ಮೊದಲಿಂದ ಆ ಸಾಲನ್ನು ಓದಿದಳು, ತುಟಿ ಅಲುಗಿಸುತ್ತ.

ಮರುದಿನ ಶುಕ್ರವಾರ. ಹಾಡಿನ ಡಾಕ್ಟರ ಪಾಲಿಗೆ ದೊಡ್ಡ ದಿನ, ಅಧ್ಯಯನವನ್ನು ನೋಡಲು ಹೊರಗಿನಿಂದ ಮೂವರು ತಜ್ಞರು ಬರುವವರಿದ್ದರು. ಎಡಸಾಲಿಗೆ ಹೊಸ ಹೊದಿಕೆ ಬಂದಿತ್ತು. ಬಲಸಾಲಿಗೆ ಬಂದಿರಲಿಲ್ಲ, ವ್ಯತ್ಯಾಸ ಇರಬಾರದು ಎಂಬ ನಿಯಮ ಹೊದಿಕೆಗೆ ಅನ್ವಯಿಸುವುದಿಲ್ಲವೇನೋ. ಹತ್ತು ಗಂಟೆಗೆ ಹಲಗೆಯಮ್ಮ ಹೆಡ್‌ಫೋನು ಹಂಚಿ ಪರದೆ ಎಳೆಯಲು ಕೈ ಎತ್ತಿದಾಗ, ನಡಿಯಮ್ಮ ಎರಡು ಸಾಲಿನ ನಡುವೆ ಬಂದು ನಿಂತಳು. ಕೈಯಲ್ಲಿ ಪೊರಕೆ ಇರಲಿಲ್ಲ, ಕಾಗದ ಇತ್ತು.

"ಎಲ್ಲರೂ ಕೇಳಿಸ್ಕೊಳಿ. ನೀವು ಸಹಿ ಹಾಕಿದೀರಲ್ಲ, ಅದರಲ್ಲಿ ಏನಿದೆ ಅಂತ ಓದ್ತೀನಿ." ಸಾಲಿನ ಕೆಳಗೆ ಬೆರಳಿಟ್ಟಳು. "'ರೋಗಿಯು ಯಾವುದೇ ಸಮಯದಲ್ಲಿ ಈ ಅಧ್ಯಯನದಿಂದ ಹೊರಬರಬಹುದು. ಇದರಿಂದ ಅವರ ಚಿಕಿತ್ಸೆಗೆ ಯಾವ ತೊಂದರೆಯೂ ಆಗುವುದಿಲ್ಲ.' ಮೂರನೇ ಪುಟ. ಅವರೇ ಅಚ್ಚು ಹಾಕಿಸಿದ್ದು. ಹೊರಗೆ ಬಂದೋರನ್ನ ನಾನು ನಡೆಸ್ತೀನಿ. ಆಪರೇಷನ್ ಡಾಕ್ಟರು ಎಲ್ಲರ ಶೀಟಲ್ಲೂ ನಡೆಸಿ ಅಂತ ಬರೆದಿದಾರೆ." ಇಷ್ಟು ಹೇಳಿ, ಇನ್ನೂ ಒಂದು ಮಾತು ಉಳಿದಿತ್ತು ಎಂಬಂತೆ ನಿಂತಳು. "ಎರಡು ವಾರದ ಹಿಂದೇನೇ ಇದನ್ನ ಓದಬೇಕಿತ್ತು ನಾನು. ಓದಲಿಲ್ಲ. ತಪ್ಪಾಯ್ತು."

ದೊಡ್ಡ ಸಿಸ್ಟರು ಔಷಧಿ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಡ್ಡ ಬರಲಿಲ್ಲ.

ಎಡಸಾಲಿನ ಐದನೇ ಹಾಸಿಗೆಯಿಂದ ಮೊದಲ ದನಿ ಬಂತು. ಪಿತ್ತಕೋಶ ತೆಗೆಸಿಕೊಂಡು ಮಲಗಿದ್ದ ಬಸ್ ಕಂಡಕ್ಟರಮ್ಮ ಹೆಡ್‌ಫೋನನ್ನು ತಲೆಯಿಂದ ಕಿತ್ತು ಹಲಗೆಯಮ್ಮನ ಕೈಗೆ ತುರುಕಿದಳು.

"ತಗೊಳಮ್ಮ ತಾಯಿ. ಮೂರು ದಿನದಿಂದ ಕಿವಿಯೊಳಗೆ ನೀರು ಹರಿಯೋ ಸದ್ದು ಬಿಡ್ತಿದೀರ. ಶಾಂತಿ ಬರೋದಿರಲಿ, ಬರೀ ಉಚ್ಚೆ ಬಂದ ಹಾಗಾಗತ್ತೆ."

ವಾರ್ಡು ನಕ್ಕಿತು, ಎರಡೂ ಸಾಲು. ಹೊಲಿಗೆ ಹಿಡಿದುಕೊಂಡು, ಅಯ್ಯೋ ಅಮ್ಮ ಎನ್ನುತ್ತ.

"ಹಾಗೆಲ್ಲ ಹೊರಗೆ ಹೋಗೋಕೆ ಆಗಲ್ಲ," ಎಂದಳು ಹಲಗೆಯಮ್ಮ. ಹೆದರಿದ್ದಳು. "ಫಾರಂ ಇದೆ. ಕಾರಣ ಬರೀಬೇಕು."

"ಬರ್ಕೋ. ನನ್ನ ಸ್ಟಾಪ್ ಬಂತು, ಇಳೀತಿದೀನಿ."

"ಅದು ಕಾರಣ ಅಲ್ಲ."

"ಹೋಗ್ಲಿ, ನಡೀಬೇಕು ಅಂತ ಬರ್ಕೋ."

ಹಲಗೆಯಮ್ಮ ಬರೆದುಕೊಂಡಳು. ಬರೆಯುವುದೊಂದೇ ಅವಳಿಗೆ ಧೈರ್ಯ ಕೊಡುವ ಕೆಲಸ. ಹದಿನೆಂಟರವಳು ಕೆಮ್ಮುತ್ತಲೇ ಕೈ ಎತ್ತಿದಳು. ಕಾರಣ? ನಡೀಬೇಕು. ಇಪ್ಪತ್ತೊಂದು. ನಡೀಬೇಕು. ಒಂಬತ್ತು. ನನಗೆ ಹಾಡು ಇಷ್ಟ, ಆದ್ರೆ ನಡೆದು ಬಂದು ಕೇಳ್ತೀನಿ, ಅದಕ್ಕೆ ಕಾಲಂ ಇದ್ಯಾ? ಇರಲಿಲ್ಲ. ಇಬ್ಬರು ಹೆಂಗಸರು ಕಾಲಂ ಇಲ್ಲದೆಯೂ ಹೊರಬಂದರು, ಉಳಿದವರು ಒಬ್ಬೊಬ್ಬರಾಗಿ ಕೈ ಎತ್ತಿದರು. ನಾಲ್ವರು ಮಾತ್ರ ಹೊದಿಕೆ ಮುಖದ ತನಕ ಎಳೆದುಕೊಂಡು ಮಲಗಿಯೇ ಇದ್ದರು. ಡಾಕ್ಟರಿಗೆ ಸಿಟ್ಟು ಬಂದರೆ ನಾಳೆ ಸೂಜಿ ಹಾಕುವವರು ಯಾರು ಎಂದು ಅವರಿಗೆ ಭಯ. ನಡಿಯಮ್ಮ ಅವರನ್ನು ಏನೂ ಅನ್ನಲಿಲ್ಲ. ಆ ಭಯದ ರುಚಿ ಅವಳ ನಾಲಗೆಯ ಮೇಲೂ ಇತ್ತು.

ಕೊನೆಗೆ ಹದಿನೇಳರ ಬಳಿಗೆ ಬಂದಳು.

"ಹೊರಗೆ ಬಂದ್ಯಾ?"

"ಆಗಲೇ ಕೈ ಎತ್ತಿದೆ. ನೀನು ಕಂಡಕ್ಟರಮ್ಮನ ಕಡೆ ನೋಡಿ ಹಲ್ಲು ಕಿರೀತಿದ್ದೆ," ಎಂದಳು ಅಕ್ಕ. "ಎಬ್ಬಿಸು. ಕದ್ದಲ್ಲ ತಾನೆ?"

ಎಬ್ಬಿಸುವಾಗ ಅಕ್ಕನ ಮೈ ಬೆಂಕಿಯಂತೆ ಸುಡುತ್ತಿತ್ತು. ಕಾಲು ನೆಲಕ್ಕೆ ತಾಗಿದ ಕೂಡಲೇ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ಉಬ್ಬಿದ ಹೊಟ್ಟೆಯ ಮೇಲೆ ದಿಂಬು ನಿಲ್ಲುತ್ತಿರಲಿಲ್ಲ. ಒಂದು ಹೆಜ್ಜೆ ಇಟ್ಟು ನಿಂತಳು, ಇನ್ನೊಂದು ಇಟ್ಟು ನಿಂತಳು. ಹಿಂದೆ ಹತ್ತೊಂಬತ್ತು ಹೆಂಗಸರು ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ಕಾದರು. ವಾರ್ಡಿನ ಬಾಗಿಲು ದಾಟುವಷ್ಟರಲ್ಲಿ ಅಕ್ಕನ ಬೆವರು ನಡಿಯಮ್ಮನ ಕತ್ತಿನಲ್ಲಿ ಇಳಿಯುತ್ತಿತ್ತು.

ಮೊಗಸಾಲೆಯ ಆ ತುದಿಯಿಂದ ಹಾಡಿನ ಡಾಕ್ಟರು ಬರುತ್ತಿದ್ದರು. ಜೊತೆಗೆ ಮೂವರು ತಜ್ಞರು, ಇಬ್ಬರು ಗಂಡಸರು, ಒಬ್ಬಾಕೆ ನರೆಗೂದಲಿನ ಹೆಂಗಸು. ಡಾಕ್ಟರು ಕೈ ತಿರುಗಿಸುತ್ತ ಶಾಂತಿಯ ಬಗ್ಗೆ ಏನೋ ಹೇಳುತ್ತಿದ್ದರು. ಎದುರಿಗೆ ಮೊಗಸಾಲೆಯ ಅಗಲಕ್ಕೂ ಹರಡಿಕೊಂಡು ಬರುತ್ತಿದ್ದ ಮೆರವಣಿಗೆ ಕಂಡು ಅವರ ಕೈ ಗಾಳಿಯಲ್ಲೇ ನಿಂತಿತು.

"ಇದಕ್ಕೆ ಯಾರು ಅನುಮತಿ ಕೊಟ್ಟಿದ್ದು?"

"ನೀವೇ ಸಾರ್. ಮೂರನೇ ಪುಟ."

"ಇವರೆಲ್ಲ ಅಧ್ಯಯನದಲ್ಲಿರೋರು. ವಾಪಸ್ ಮಲಗಿಸಿ. ಈಗಲೇ."

"ಹೊರಗೆ ಬಂದಿದಾರೆ. ಕಾರಣ ಸಮೇತ ಬರೆಸಿದೀನಿ." ಅಕ್ಕನ ಭಾರಕ್ಕೆ ಕಾಲು ಅಗಲಿಸಿ ನಿಂತಳು. "ದಾರಿ ಬಿಡಿ ಸಾರ್. ನಿಂತ್ರೆ ಇವಳು ಬೀಳ್ತಾಳೆ."

ನರೆಗೂದಲಿನ ಹೆಂಗಸು ನಡಿಯಮ್ಮನನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಇವರು ಯಾರು?" ಎಂದು ಡಾಕ್ಟರನ್ನು ಕೇಳಿದಳು.

"ಇವರು... ಇಲ್ಲಿಯ ಕೆಳಗಿನ ಸಿಬ್ಬಂದಿ."

"ನಿಮ್ಮ ಬಲಗಡೆ ಸಾಲಿಗೆ ವಾಡಿಕೆಯ ಆರೈಕೆ ಅಂತ ಬರೆದಿದೀರಲ್ಲ. ಅದನ್ನ ಮಾಡ್ತಿದ್ದೋರು ಯಾರು?"

ಡಾಕ್ಟರು ಗೋಡೆಯ ಸುಣ್ಣದ ಕಡೆ ನೋಡಿದರು.

"ನಾನೇ ಮೇಡಂ," ಎಂದಳು ನಡಿಯಮ್ಮ. "ಎರಡೂವರೆ ವಾರದಿಂದ ನಾನು ಅದನ್ನೂ ಮಾಡ್ತಿಲ್ಲ. ಬೇಡ ಅಂದಿದ್ರು. ಬರೆದಿರೋ ಕಡೆ ಅದನ್ನೂ ಬರೀಲಿ."

ತಜ್ಞೆ ಇನ್ನೇನೋ ಕೇಳಲು ಬಾಯಿ ತೆರೆದಳು. ನಡಿಯಮ್ಮನಿಗೆ ಅದನ್ನು ಕೇಳುವ ಪುರುಸೊತ್ತಿರಲಿಲ್ಲ. ಭುಜದ ಮೇಲೆ ಅಕ್ಕ ಗಟ್ಟಿಯಾಗಿ ಬಿಗಿದುಕೊಂಡಿದ್ದಳು. ಉಗುರು ತೋಳಿಗೆ ಇಳಿದಿತ್ತು. ಬಿದ್ದೇ ಬಿಡುತ್ತಾಳೆಂದು ನಡಿಯಮ್ಮ ಸೊಂಟ ಹಿಡಿದಳು. ಅಕ್ಕ ಬೀಳಲಿಲ್ಲ. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಸೂಜಿಗೆ ದಾರ ಪೋಣಿಸುವವಳ ಏಕಾಗ್ರತೆಯಲ್ಲಿ ನಿಂತಳು. ಅಷ್ಟರಲ್ಲಿ, ಮೂವರು ತಜ್ಞರ, ಒಬ್ಬ ಸಂಶೋಧಕರ ಸಮಕ್ಷಮದಲ್ಲಿ, ನಾಲ್ಕು ದಿನದಿಂದ ಒಳಗೆ ಕಟ್ಟಿಕೊಂಡಿದ್ದದ್ದು ಹೊರಗೆ ಹೊರಟಿತು. ಸಣ್ಣದಾಗಿ ಶುರುವಾಯಿತು. ಸಣ್ಣದಾಗಿ ಮುಗಿಯಲಿಲ್ಲ. ಹೊಸ ಬಟ್ಟೆಯ ಥಾನನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದ ಹಾಗೆ ಮೊಗಸಾಲೆಯ ಉದ್ದಕ್ಕೂ ಕೇಳಿಸಿತು.

ತಜ್ಞರಲ್ಲಿ ಒಬ್ಬರು ಕಿಟಕಿಯ ಕಡೆ ನೋಡಿದರು. ಹಾಡಿನ ಡಾಕ್ಟರ ಮೂಗಿನ ಹೊಳ್ಳೆ ಚಿಕ್ಕದಾಯಿತು. ಹಿಂದಿನ ಸಾಲಿನಿಂದ ಕಂಡಕ್ಟರಮ್ಮ, "ರೈಟ್, ರೈಟ್" ಎಂದಳು.

ಅಕ್ಕ ಕಣ್ಣು ತೆರೆದ ಮೇಲೆ ಅವಳ ಮುಖದ ಬಣ್ಣವೇ ಬೇರೆ. "ನೀರು ಕೊಡ್ತಾರಾ ಈಗ?" ಎಂದು ತಂಗಿಯನ್ನು ಕೇಳಿದಳು. ನಡಿಯಮ್ಮ ತಲೆಯಾಡಿಸಿದಳು.

ಹಲಗೆಯಮ್ಮ ಆಗಲೇ ಗಡಿಯಾರ ನೋಡಿಕೊಂಡು ಹಲಗೆಯ ಮೇಲೆ ಬಾಗಿದ್ದಳು. ಹದಿನೇಳು, ಹತ್ತು ಗಂಟೆ ಮೂವತ್ತೈದು ನಿಮಿಷ. ಎರಡೂವರೆ ತಿಂಗಳಿಂದ ಅವಳ ಕೈಗೆ ಅದೇ ರೂಢಿ.

"ಬರೀಬೇಡಿ," ಎಂದರು ಹಾಡಿನ ಡಾಕ್ಟರು. "ಆಕೆ ಈಗ ಅಧ್ಯಯನದಲ್ಲಿಲ್ಲ."

ಹಲಗೆಯಮ್ಮ ತಲೆ ಎತ್ತಿ ಡಾಕ್ಟರನ್ನು ನೋಡಿದಳು, ಅಕ್ಕನನ್ನು ನೋಡಿದಳು. ಬರೆದದ್ದನ್ನು ಹೊಡೆದುಹಾಕಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕೆಮ್ಮುತ್ತ ಗೋಡೆಗೆ ಒರಗಿದ್ದ ಹದಿನೆಂಟರವಳ ಇನ್ನೊಂದು ತೋಳನ್ನು ಹಿಡಿದಳು.

ವಾರ್ಡಿನ ಬಾಗಿಲಲ್ಲಿ ದೊಡ್ಡ ಸಿಸ್ಟರು ನಿಂತೇ ಇದ್ದಳು. ತಿಂಗಳು ಮುಗಿಯಲು ಇನ್ನು ನಾಲ್ಕು ದಿನ ಇತ್ತು. ನಡಿಯಮ್ಮ ಅತ್ತ ಒಮ್ಮೆ ನೋಡಿ, ಅಕ್ಕನ ತೋಳನ್ನು ಕತ್ತಿನ ಸುತ್ತ ಸರಿಯಾಗಿ ಎಳೆದುಕೊಂಡಳು. ಕೊನೆಯ ಕಿಟಕಿ ಇನ್ನೂ ದೂರವಿತ್ತು. ತಜ್ಞರು ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟರು.